ಸ್ತಾಂಕೊ ಆದಮೇಲೆ ಯಾರನ್ನು ಕೇಳಬೇಕು? ಪೋಲೆಂಡಿನ ಇಂದಿನ ಜಾಝ್ ಟ್ರಿಯೊ, ಕ್ವಾರ್ಟೆಟ್‌ಗಳ ಬಗ್ಗೆ

ವಿಲಂಬಿತ

ಪೋಲೆಂಡಿನ ಟ್ರಂಪೆಟ್ ವಾದಕ ತೊಮಾಶ್ ಸ್ತಾಂಕೊ ಅವರ ‘ಸಸ್ಪೆಂಡೆಡ್ ನೈಟ್’ ಆಲ್ಬಮ್ ತುಂಬಾ ಹಿಡಿಸಿದೆ. ಅಲ್ಲಿಂದ ಯಾವ ಕಡೆ ಹೋಗಬೇಕು ಎಂಬುದೇ ಪ್ರಶ್ನೆ. ಸ್ತಾಂಕೊ 2018ರಲ್ಲಿ ತೀರಿಕೊಂಡರು. ಈಗ ಪೋಲೆಂಡಿನಲ್ಲಿ ನುಡಿಸುತ್ತಿರುವವರಲ್ಲಿ ಯಾರ ಆಲ್ಬಮ್‌ಗಳು ಕೂತು ಕೇಳುವಂಥವು? ದೊಡ್ಡ ಬ್ಯಾಂಡ್ ಬೇಡ, ಮೂರು-ನಾಲ್ಕು-ಐದು ಜನರ ಗುಂಪು ಸಾಕು. ಬರೀ ಹೆಸರುಗಳ ಪಟ್ಟಿ ಬೇಕಾದಷ್ಟು ಸಿಗುತ್ತದೆ. ಯಾವುದರ ಹಿಂದೆ ಯಾವುದನ್ನು ಕೇಳಬೇಕು, ಕೇಳುವಾಗ ಕಿವಿ ಎಲ್ಲಿಡಬೇಕು ಅನ್ನುವುದನ್ನು ದಯವಿಟ್ಟು ತಿಳಿಸಿ. ಅಲ್ಲಿನ ಹಳೆಯ ಪಿಯಾನೊ ವಾದಕ, ಕೃತಿಕಾರ ಕೊಮೆಡಾ ಅವರ ‘ಆಸ್ಟಿಗ್ಮ್ಯಾಟಿಕ್’ಗೆ ಕಿವಿಗೊಟ್ಟರೆ ಮೊದಲ ಟ್ರ್ಯಾಕಿನ ನಡುವೆಯೇ ಜಾಡು ತಪ್ಪುತ್ತದೆ.

ಜೊತೆಗೆ ಇನ್ನೊಂದು. ನಮ್ಮ ಕ್ವಾರ್ಟೆಟ್ (ಟೆನರ್ ಸ್ಯಾಕ್ಸ್, ಪಿಯಾನೊ, ಬಾಸ್, ಡ್ರಮ್ಸ್) ಈ ಧಾಟಿಯ ನಿಧಾನದ ಕೃತಿಗಳಿಗೆ ಕೈಹಾಕಿದೆ. ತಾಳ ಬಿಟ್ಟು ನುಡಿಸುವ ಜಾಗ ಬಂದ ಕೂಡಲೇ ಎಲ್ಲ ಚದುರಿಹೋಗುತ್ತದೆ. ಅದಕ್ಕೇನಾದರೂ ಕ್ರಮ ಇದೆಯೇ?

ಬಾಸ್‌ತಂತಿ

ಮುಂದೆ ನಿಂತು ನುಡಿಸುವವರ ಹೆಸರಿನ ಬೆನ್ನು ಹತ್ತಬೇಡಿ. ಹಿಂದೆ ಬಾಸ್ ಯಾರದು, ಡ್ರಮ್ಸ್ ಯಾರದು ಎಂದು ನೋಡಿ, ಆ ಜೋಡಿಯನ್ನು ಹಿಡಿದು ಆಲ್ಬಮ್‌ನಿಂದ ಆಲ್ಬಮ್‌ಗೆ ಹೋಗಿ. ಪೋಲೆಂಡಿನ ಸಣ್ಣ ಗುಂಪುಗಳ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

‘ಸಸ್ಪೆಂಡೆಡ್ ನೈಟ್’ನಲ್ಲಿ (2004) ನಿಮ್ಮನ್ನು ಹಿಡಿದಿಟ್ಟಿರುವುದು ಟ್ರಂಪೆಟ್ ಒಂದೇ ಅಲ್ಲ. ಮಾರ್ಚಿನ್ ವಾಶಿಲೆಫ್‌ಸ್ಕಿ (ಪಿಯಾನೊ), ಸ್ವಾವೊಮಿರ್ ಕುರ್ಕೆವಿಚ್ (ಬಾಸ್), ಮಿಹಾವ್ ಮಿಶ್ಕೆವಿಚ್ (ಡ್ರಮ್ಸ್) ಈ ಮೂವರ ಉಸಿರೂ ಅದರಲ್ಲಿದೆ. ಮೊದಲಿಬ್ಬರು ಕೊಶಾಲಿನ್ ಊರಿನಲ್ಲಿ ಶಾಲಾ ಹುಡುಗರಾಗಿದ್ದಾಗಲೇ ಜೊತೆಗೂಡಿದವರು. ಮಿಶ್ಕೆವಿಚ್ 1993ರಲ್ಲಿ ಬಂದರು. ಆಗ ಗುಂಪಿನ ಹೆಸರು ಸಿಂಪಲ್ ಅಕೌಸ್ಟಿಕ್ ಟ್ರಿಯೊ, 1995ರ ಮೊದಲ ಆಲ್ಬಮ್ ಪೂರ್ತಿ ಕೊಮೆಡಾ ಕೃತಿಗಳದು. ಮುಂದೆ ಇಸಿಎಂ ರೆಕಾರ್ಡ್ ಕಂಪನಿಯಲ್ಲಿ ಅದೇ ಮೂವರು ಮಾರ್ಚಿನ್ ವಾಶಿಲೆಫ್‌ಸ್ಕಿ ಟ್ರಿಯೊ ಆದರು.

ಇದು ಎಷ್ಟು ಅಪರೂಪ ಅನ್ನುವುದಕ್ಕೆ ಸ್ತಾಂಕೊ ಅವರದೇ ಹಳೆಯ ಆಲ್ಬಮ್‌ಗಳನ್ನು ನೋಡಿ. ‘ಬಲ್ಲದೀನಾ’ದಲ್ಲಿ (1976) ಬಾಸ್ ಇಂಗ್ಲೆಂಡಿನ ಡೇವ್ ಹಾಲೆಂಡ್, ಡ್ರಮ್ಸ್ ಫಿನ್ಲೆಂಡಿನ ಎಡ್ವರ್ಡ್ ವೆಸಾಲಾ. ‘ಲಿಯೋಸಿಯಾ’ದಲ್ಲಿ (1997) ಸ್ವೀಡನ್ನಿನ ಆಂಡೆರ್ಸ್ ಯೊರ್ಮಿನ್, ಇಂಗ್ಲೆಂಡಿನ ಟೋನಿ ಆಕ್ಸ್‌ಲಿ. ನೀವು ಹೇಳಿದ ‘ಆಸ್ಟಿಗ್ಮ್ಯಾಟಿಕ್’ನಲ್ಲೂ ಬಾಸ್ ಜರ್ಮನಿಯ ಗ್ಯುಂಟರ್ ಲೆಂಟ್ಸ್, ಡ್ರಮ್ಸ್ ಸ್ವೀಡನ್ನಿನ ರೂನೆ ಕಾರ್ಲ್ಸನ್. ಲಯದ ಜೋಡಿಯನ್ನು ಹೊರಗಿನಿಂದ ಕರೆತರುವ ರೂಢಿ ಅಷ್ಟು ಹಳೆಯದು. ತಮಗಿಂತ ಮೂವತ್ತು ವರ್ಷ ಚಿಕ್ಕವರಾದ ಈ ಮೂವರು ಸಿಕ್ಕಾಗ ಸ್ತಾಂಕೊ ಅವರಿಗೆ ಪಿಯಾನೊ, ಬಾಸ್, ಡ್ರಮ್ಸ್ ಮೂರೂ ಒಂದೇ ಮನಸ್ಸಿನಂತೆ ನಡೆಯುವ ತಂಡ ತಮ್ಮ ನಾಡಿನಲ್ಲೇ ದೊರೆಯಿತು.

ಆದ್ದರಿಂದ ಮುಂದಿನ ಆಲ್ಬಮ್ ‘ಲೊಂತಾನೊ’ (2006). ಅದೇ ನಾಲ್ವರು, ಆದರೆ ಹೆಚ್ಚು ಬಯಲು. ‘ಲೊಂತಾನೊ’ ಹೆಸರಿನ ಮೂರೂ ಟ್ರ್ಯಾಕ್‌ಗಳು ಮುಂಚೆ ಬರೆದಿಡದೆ ಕೂಡಿ ನುಡಿಸಿದವು. ಅದೇ ಆಲ್ಬಮ್‌ನ ‘ಟೇಲ್’ ಹಾಡನ್ನು 1976ರ ‘ಬಲ್ಲದೀನಾ’ದ ‘ಟೇಲ್’ ಪಕ್ಕದಲ್ಲಿಟ್ಟು ಕೇಳಿ. ಹಳೆಯದರಲ್ಲಿ ಪಿಯಾನೊ ಇಲ್ಲ. ಹೊಸದರಲ್ಲಿ ಪಿಯಾನೊ ಇದ್ದೂ ಜಾಗ ಕಿರಿದಾಗಿಲ್ಲ, ಯಾಕೆಂದರೆ ವಾಶಿಲೆಫ್‌ಸ್ಕಿ ಟ್ರಂಪೆಟ್‌ನ ಸಾಲು ಮುಗಿಯುವವರೆಗೆ ಕಾಯುತ್ತಾರೆ.

ಆಮೇಲೆ ಟ್ರಂಪೆಟ್ ಇಲ್ಲದ ‘ಜಾನುವರಿ’ (2008). ಇದರಲ್ಲಿ ಸ್ತಾಂಕೊ ಅವರ ‘ಬಲ್ಲದೀನಾ’ ಇದೆ, ಪ್ರಿನ್ಸ್ ಅವರ ‘ಡೈಮಂಡ್ಸ್ ಅಂಡ್ ಪರ್ಲ್ಸ್’ ಕೂಡ ಇದೆ. ಕೊನೆಗೆ ‘ಆನ್ ಅತಾಂದಾಂ’ (2021). ಇದನ್ನು ಫ್ರಾನ್ಸಿನ ಲಾ ಬ್ಯುಯಿಸೊನ್ ಸ್ಟುಡಿಯೊದಲ್ಲಿ 2019ರ ಆಗಸ್ಟ್‌ನಲ್ಲಿ ರೆಕಾರ್ಡ್ ಮಾಡಿದರು. ‘ಇನ್ ಮೋಶನ್’ನ ಮೂರು ಭಾಗಗಳು ಕೂಡಿ ಹುಟ್ಟಿಸಿದವು, ಅವುಗಳ ನಡುವೆ ಬಾಖ್ ಅವರ ಗೋಲ್ಡ್‌ಬರ್ಗ್ ಮಾಲಿಕೆಯ 25ನೇ ವೇರಿಯೇಶನ್. ಇಯರ್‌ಫೋನ್ ಹಾಕಿ ಬರೀ ಬಾಸ್ ಹಿಡಿಯಿರಿ. ಕುರ್ಕೆವಿಚ್ ಎಲ್ಲಿ ಸ್ವರ ಬಿಡುತ್ತಾರೋ ಅಲ್ಲಿ ಮಿಶ್ಕೆವಿಚ್ ಸಿಂಬಲ್ ತುಂಬುತ್ತದೆ. ಎಲ್ಲಿ ಬಾಸ್ ಓಡುತ್ತದೋ ಅಲ್ಲಿ ಸಿಂಬಲ್ ತೆಳುವಾಗುತ್ತದೆ. ಒಂದು ಟ್ರ್ಯಾಕ್ ಪೂರ್ತಿ ಇಷ್ಟನ್ನೇ ಗಮನಿಸಿದರೆ ಉಳಿದ ಆಲ್ಬಮ್‌ಗಳಿಗೆ ಬಾಗಿಲು ತೆರೆದ ಹಾಗೆ.

ಸ್ತಾಂಕೊ ಅವರ ‘ವಿಸ್ವಾವಾ’ವನ್ನು (2013) ಈಗಲೇ ಮುಟ್ಟಬೇಡಿ. ಅಲ್ಲಿ ಡೇವಿಡ್ ವಿರೆಯೆಸ್, ಥಾಮಸ್ ಮಾರ್ಗನ್, ಜೆರಾಲ್ಡ್ ಕ್ಲೀವರ್ ಇದ್ದಾರೆ, ನ್ಯೂಯಾರ್ಕಿನ ನಡೆ. ವಾಶಿಲೆಫ್‌ಸ್ಕಿ ಟ್ರಿಯೊ ಕಿವಿಗೆ ಕೂತಮೇಲೆ ಕೇಳಿದರೆ ಅದೇ ಟ್ರಂಪೆಟ್ ಬೇರೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ಸ್ಪಷ್ಟವಾಗುತ್ತದೆ.

ಹಳೇ_ತಟ್ಟೆ

ಬಾಸ್‌ತಂತಿ ಅವರ ಮಾತಿಗೆ ಅರ್ಧ ಒಪ್ಪಿಗೆ. ಲಯದ ಜೋಡಿ ಮುಖ್ಯ, ಸರಿ. ಆದರೆ ಕೊಮೆಡಾ ಕೃತಿ ಕಟ್ಟಿದ ರೀತಿ ಗೊತ್ತಿಲ್ಲದಿದ್ದರೆ ಈ ಟ್ರಿಯೊಗಳು ಯಾಕೆ ಹೀಗೆ ನುಡಿಸುತ್ತವೆ ಎಂಬುದೇ ತಿಳಿಯುವುದಿಲ್ಲ. ‘ಆಸ್ಟಿಗ್ಮ್ಯಾಟಿಕ್’ ಬಿಡಬೇಡಿ, ಕೇಳುವ ಕ್ರಮ ಮಾತ್ರ ಬದಲಿಸಿ.

1965ರ ಡಿಸೆಂಬರ್‌ನಲ್ಲಿ ವಾರ್ಸಾದಲ್ಲಿ ರೆಕಾರ್ಡ್ ಆದ ಈ ಆಲ್ಬಮ್‌ನಲ್ಲಿ ಇರುವುದು ಮೂರೇ ಕೃತಿ. ಹೆಸರಿನ ಕೃತಿ ಇಪ್ಪತ್ತೆರಡು ನಿಮಿಷ ದಾಟಿ ಒಂದು ಬದಿಯನ್ನೇ ತುಂಬಿಕೊಂಡಿದೆ. ಎರಡನೇ ಬದಿಯಿಂದ ಶುರು ಮಾಡಿ. ಮೊದಲು ‘ಕಾಟೊರ್ನಾ’, ಸುಮಾರು ಏಳು ನಿಮಿಷ. ಆಮೇಲೆ ಹದಿನಾರು ನಿಮಿಷದ ‘ಸ್ವಾಂತೆಟಿಕ್’. ದೊಡ್ಡದು ಕಡೆಗೆ. ಜಾಡು ತಪ್ಪುವುದಕ್ಕೆ ಕಾರಣ, ಮಾಮೂಲಿ ಜಾಝ್‌ನ 32 ಬಾರ್ (ತಾಳದ ಆವರ್ತ) ಲೆಕ್ಕವನ್ನು ಇಲ್ಲಿ ಹುಡುಕುವುದು. ಇಲ್ಲಿ ಗಮನವಿಡಬೇಕಾದ್ದು ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಹತ್ತುವ ತಿರುವುಗಳಲ್ಲಿ. ಸ್ತಾಂಕೊ (ಟ್ರಂಪೆಟ್), ಜ್ಬಿಗ್ನೆವ್ ನಮಿಸ್ವೋಫ್‌ಸ್ಕಿ (ಆಲ್ಟೊ ಸ್ಯಾಕ್ಸ್), ಕೊಮೆಡಾ (ಪಿಯಾನೊ) ಒಬ್ಬೊಬ್ಬರು ಬಂದಾಗ ನಿಮಿಷ-ಸೆಕೆಂಡು ಕಾಗದದ ಮೇಲೆ ಗುರುತಿಸಿ, ಪಕ್ಕದಲ್ಲಿ ಡ್ರಮ್ಸ್ ಏನು ಮಾಡಿತು ಎಂದು ಒಂದೇ ಪದ ಬರೆಯಿರಿ. ಎರಡು ಸಲ ಹೀಗೆ ಕೇಳಿದರೆ ನಕ್ಷೆ ಕೈಯಲ್ಲಿರುತ್ತದೆ.

ಆ ನಕ್ಷೆ ಇಟ್ಟುಕೊಂಡು ‘ಲೊಂತಾನೊ’ದಲ್ಲಿರುವ ‘ಕಾಟೊರ್ನಾ’ ಕೇಳಿ. ಒಂದರಲ್ಲಿ ಸ್ತಾಂಕೊಗೆ 23 ವರ್ಷ, ಇನ್ನೊಂದು ರೆಕಾರ್ಡ್ ಆದಾಗ 63. ಮೊದಲಿನದರಲ್ಲಿ ಟ್ರಂಪೆಟ್ ಜೊತೆ ಆಲ್ಟೊ ಇದೆ. ಎರಡನೆಯದರಲ್ಲಿ ಇಲ್ಲ, ಹಾಗಾಗಿ ಆ ಭಾರ ಪಿಯಾನೊ ಮೇಲೆ ಬಿದ್ದಿದೆ. ಪೋಲಿಷ್ ಜಾಝ್‌ನಲ್ಲಿ ನಲವತ್ತು ವರ್ಷಕ್ಕೆ ಏನು ಬದಲಾಯಿತು ಎಂದು ತಿಳಿಯಲು ಇವೆರಡು ಟ್ರ್ಯಾಕ್ ಸಾಕು.

ಎಲ್‌ಪಿ ಕೊಳ್ಳುವ ಯೋಚನೆ ಇದ್ದರೆ: ‘ಆಸ್ಟಿಗ್ಮ್ಯಾಟಿಕ್’ ಪೋಲ್ಸ್ಕಿಯೆ ನಗ್ರಾನಿಯಾ ಕಂಪನಿಯ ‘ಪೋಲಿಷ್ ಜಾಝ್’ ಮಾಲಿಕೆಯ 5ನೆಯದು. ಆ ಕಾಲದ ಮುಝಾ ಲೇಬಲ್‌ನಲ್ಲಿ ಎಕ್ಸ್‌ಎಲ್ ಎಂದು ಶುರುವಾಗುವ ಸಂಖ್ಯೆ ಮೊನೊ, ಎಸ್‌ಎಕ್ಸ್‌ಎಲ್ ಎಂದಿದ್ದರೆ ಸ್ಟೀರಿಯೊ. ಮಾರುವವರು ಹೊದಿಕೆಯ ಫೋಟೊ ಮಾತ್ರ ಹಾಕಿದ್ದರೆ ತಟ್ಟೆಯ ಲೇಬಲ್‌ನ ಫೋಟೊ ಕೇಳಿ. ಒಂದು ಬದಿಯಲ್ಲಿ ಇಪ್ಪತ್ತೆರಡು ನಿಮಿಷದ ಮೇಲೆ ಅಂದರೆ ಗೀರುಗಳು ಒತ್ತೊತ್ತಾಗಿರುತ್ತವೆ, ಶಬ್ದದ ಮಟ್ಟ ತುಸು ತಗ್ಗು, ಒಳಸುತ್ತಿಗೆ ಬಂದಂತೆ ಸಿಂಬಲ್ ಒರಟಾಗುತ್ತದೆ. ಸವೆದ ಪ್ರತಿಯಲ್ಲಿ ಇದು ಸಹಿಸಲಾಗದಷ್ಟು. ಆದ್ದರಿಂದ ಮೇಲ್ಮೈ ಹೇಗಿದೆ ಎಂದು ಕೇಳುವಾಗ ಎರಡೂ ಬದಿಯ ಕೊನೆಯ ಮೂರು ನಿಮಿಷದ ಬಗ್ಗೆ ಪ್ರತ್ಯೇಕವಾಗಿ ಕೇಳಿ. ಸಂಗ್ರಹದ ಹುಚ್ಚಿಲ್ಲದಿದ್ದರೆ ಹೊಸ ಮುದ್ರಣವೇ ಮೇಲು. ಪೋಲ್ಸ್ಕಿಯೆ ನಗ್ರಾನಿಯಾ ಭಂಡಾರ ವಾರ್ನರ್ ಕೈಗೆ ಹೋದ ಮೇಲೆ 2016ರಿಂದ ಈ ಮಾಲಿಕೆ ಮತ್ತೆ ಅಚ್ಚಾಗುತ್ತಿದೆ.

ರೈಡ್_ಮತ್ತು_ಬ್ರಶ್

ತಾಳ ಬಿಟ್ಟು ನುಡಿಸುವುದರ ಬಗ್ಗೆ. ನಿಮ್ಮ ಗುಂಪಿನಲ್ಲಿ ಏನಾಗುತ್ತಿದೆ ಎಂದರೆ, ಬಹುಶಃ ನಾಲ್ವರೂ ಒಬ್ಬರಿಗೊಬ್ಬರು ಕಾಯುತ್ತಿದ್ದೀರಿ. ಕಾಯುವುದರಿಂದ ಪ್ರತಿ ಸಾಲೂ ಹಿಂದಿನದಕ್ಕಿಂತ ನಿಧಾನವಾಗುತ್ತದೆ, ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ನಿಂತೇಹೋಗುತ್ತದೆ.

ಕೊಮೆಡಾ ಅವರ ‘ಸ್ಲೀಪ್ ಸೇಫ್ ಅಂಡ್ ವಾರ್ಮ್’ ತೆಗೆದುಕೊಳ್ಳಿ. 1968ರ ‘ರೋಸ್‌ಮೆರೀಸ್ ಬೇಬಿ’ ಸಿನಿಮಾಕ್ಕೆ ಬರೆದ ಜೋಗುಳ, ಮೂರು ಎಣಿಕೆಯದು, ಎಲ್ಲರೂ ಹಾಡಬಹುದಾದ ರಾಗ. ಮೊದಲು ಮೆಟ್ರೊನೋಮ್ ಜೊತೆ ಬಿಗಿಯಾಗಿ ಮೂರು ಸಲ ನುಡಿಸಿ, ನಿಮಿಷಕ್ಕೆ 80. ಆಮೇಲೆ ವಾದ್ಯ ಕೆಳಗಿಟ್ಟು ನಾಲ್ವರೂ ಬಾಯಲ್ಲಿ ಹಾಡಿ. ಡ್ರಮ್ಸ್‌ನವರಿಗೆ ರಾಗ ಬಾಯಿಪಾಠ ಬರದಿದ್ದರೆ ಮುಂದಿನ ಹೆಜ್ಜೆಗೆ ಹೋಗಲೇಬೇಡಿ. ಎಣಿಕೆ ಬಿಟ್ಟಮೇಲೆ ಅವರಿಗೆ ಉಳಿಯುವ ಆಧಾರ ರಾಗವೊಂದೇ.

ಈಗ ಮುಂದಾಳು ಒಬ್ಬರೇ: ಸ್ಯಾಕ್ಸ್. ಇಡೀ ರಾಗದಲ್ಲಿ ಮೂರೋ ನಾಲ್ಕೋ ಕೂಡುವ ಜಾಗಗಳನ್ನು ಹಾಳೆಯ ಮೇಲೆ ಗುರುತಿಸಿ, ಸಾಮಾನ್ಯವಾಗಿ ಸಾಲಿನ ಕೊನೆಯ ಉದ್ದ ಸ್ವರ. ಅಲ್ಲಿ ಮಾತ್ರ ಬಾಸ್ ಸ್ಯಾಕ್ಸ್ ಜೊತೆ ಇಳಿಯಬೇಕು, ಅದೂ ಸ್ಯಾಕ್ಸ್ ಸ್ವರ ಕೇಳಿಸಿದ ಮೇಲೆ ಕೂದಲೆಳೆಯಷ್ಟು ತಡವಾಗಿ. ಮುಂಚೆ ಇಳಿದರೆ ಬಾಸ್ ಮುಂದಾಳಾಗಿಬಿಡುತ್ತದೆ, ಸ್ಯಾಕ್ಸ್ ತಬ್ಬಿಬ್ಬಾಗುತ್ತದೆ. ಪಿಯಾನೊ ಮೊದಲ ಸುತ್ತಿನಲ್ಲಿ ಆ ಕೂಡುವ ಜಾಗಗಳಲ್ಲಷ್ಟೇ ನುಡಿಸಲಿ. ಖಾಲಿ ಕಂಡಲ್ಲೆಲ್ಲ ತುಂಬುವುದು ಪಿಯಾನೊದವರ ಅತಿ ಸಾಮಾನ್ಯ ತಪ್ಪು. ಎಡಗೈಯಲ್ಲಿ ಬಾಸ್ ಇರುವ ಮಂದ್ರಕ್ಕೆ ಇಳಿದರೆ ಪೆಡಲ್ ಜೊತೆ ಸೇರಿ ಕೆಸರಾಗುತ್ತದೆ, ಬಾಸ್‌ನ ಶ್ರುತಿಯೂ ತಪ್ಪಿದಂತೆ ಕೇಳುತ್ತದೆ.

ಡ್ರಮ್ಸ್‌ನಲ್ಲಿ ಮೊದಲು ಬಿಡಿಸಬೇಕಾದ್ದು ಎಡಗಾಲು. ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ಜೋಡಿ ಸಿಂಬಲ್) ಅಭ್ಯಾಸಬಲದಿಂದ ಟಕ್ ಅಂದರೆ ಉಳಿದ ಮೂವರ ಮೈಗೆ ತಾಳ ವಾಪಸು ಬರುತ್ತದೆ. ಹೈ-ಹ್ಯಾಟ್ ಪೆಡಲ್‌ನಿಂದ ಕಾಲು ಪೂರ್ತಿ ತೆಗೆದುಬಿಡಿ. ಬ್ರಶ್ ಅಥವಾ ಮ್ಯಾಲೆಟ್ ಹಿಡಿಯಿರಿ. ಸಿಂಬಲ್ ಅಂಚಿನ ಕಡೆ ಮುಟ್ಟಿದರೆ ಶಬ್ದ ಹರಡಿಕೊಂಡು ಸ್ಯಾಕ್ಸ್‌ನ ಉದ್ದ ಸ್ವರವನ್ನು ಹೊತ್ತು ನಿಲ್ಲುತ್ತದೆ, ನಡುವಿನ ಗುಬ್ಬಿಯ ಕಡೆ ಹೊಡೆದರೆ ಚುಕ್ಕೆ ಇಟ್ಟಂತೆ ಎಣಿಕೆ ಎದ್ದು ಕಾಣುತ್ತದೆ. ಇಲ್ಲಿ ಬೇಕಾದ್ದು ಮೊದಲನೆಯದು.

ಮುಂದಾಳಿಗೆ ಒಂದೇ ಮಾತು: ತಾಳ ಬಿಡುವುದು ಅಂದರೆ ನಿಧಾನ ಮಾಡುವುದಲ್ಲ. ಸಾಲಿನ ನಡುವೆ ತುಸು ಮುಂದೋಡಬೇಕು, ಕೊನೆಯಲ್ಲಿ ಸಡಿಲಿಸಬೇಕು. ಎರಡೆಣಿಕೆಯ ಸ್ವರ ಒಂದೆಣಿಕೆಯದಕ್ಕಿಂತ ಉದ್ದವಾಗಿಯೇ ಉಳಿಯಬೇಕು. ಪ್ರತಿ ಸಾಲಿಗೂ ಮುನ್ನ ಎಲ್ಲರಿಗೂ ಕಾಣುವಂತೆ ಉಸಿರೆಳೆದುಕೊಳ್ಳಲಿ, ಅದೇ ಸನ್ನೆ.

ಪರೀಕ್ಷೆಗೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಮೂರೆಣಿಕೆಯ 32 ಬಾರ್ ಅಂದರೆ 96 ಎಣಿಕೆ, ನಿಮಿಷಕ್ಕೆ 80ರಂತೆ 72 ಸೆಕೆಂಡು. ತಾಳ ಬಿಟ್ಟು ನುಡಿಸಿದ್ದು 70ರಿಂದ 85 ಸೆಕೆಂಡಿನೊಳಗೆ ಮುಗಿದರೆ ಆರೋಗ್ಯವಾಗಿದೆ. 100 ದಾಟಿದರೆ ಮತ್ತೆ ಕಾಯುವ ಚಟ ಶುರುವಾಗಿದೆ ಎಂದೇ ಅರ್ಥ. ಸ್ತಾಂಕೊ ಅವರ ‘ಲಿತಾನಿಯಾ’ದಲ್ಲಿ (1997) ಈ ಜೋಗುಳ ಮೂರು ರೂಪದಲ್ಲಿದೆ, ಮೂರನ್ನೂ ಸಾಲಾಗಿ ಕೇಳಿ.

ವಿಲಂಬಿತ

ಎಲ್ಲರಿಗೂ ತುಂಬಾ ಧನ್ಯವಾದ. ಕೂಡುವ ಜಾಗ ಗುರುತಿಸುವುದು, ಹೈ-ಹ್ಯಾಟ್‌ನಿಂದ ಕಾಲು ತೆಗೆಯುವುದು ಎರಡೂ ಈ ವಾರವೇ ಮಾಡುತ್ತೇವೆ. ಇನ್ನೆರಡು ಕೇಳಬಹುದೇ? ಪೋಲೆಂಡಿನ ಜಾನಪದ ಲಯ ಈ ಜಾಝ್‌ನಲ್ಲಿ ನಿಜವಾಗಿ ಎಲ್ಲಿ ಕೇಳಿಸುತ್ತದೆ? ಮತ್ತೆ, ಪಿಯಾನೊ ಇಲ್ಲದೆ ಸ್ಯಾಕ್ಸ್, ಬಾಸ್, ಡ್ರಮ್ಸ್ ಮೂರೇ ಇರುವ ಇತ್ತೀಚಿನ ರೆಕಾರ್ಡಿಂಗ್ ಯಾವುದಾದರೂ?

ಪ್ರತಿಮಧ್ಯಮ

ಜಾನಪದದ ಪ್ರಶ್ನೆಗೆ ನಾನು. ಮಜುರ್ಕಾ ಎಂಬ ಪೋಲಿಷ್ ಕುಣಿತದ ಕುಟುಂಬದ್ದೆಲ್ಲ ಮೂರೆಣಿಕೆ: ಕುಯಾವಿಯಾಕ್ ನಿಧಾನ, ಒಬೆರೆಕ್ ವೇಗ, ಮಜುರ್ ನಡುವೆ. ಮೊದಲ ಎಣಿಕೆಯಲ್ಲಿ ಸ್ವರಗಳು ಎರಡಾಗಿ ಒಡೆಯುತ್ತವೆ, ಒತ್ತು ಮಾತ್ರ ಎರಡನೆಯದಕ್ಕೋ ಮೂರನೆಯದಕ್ಕೋ ಬೀಳುತ್ತದೆ, ಬಾರ್‌ನಿಂದ ಬಾರ್‌ಗೆ ಜಾಗ ಬದಲಿಸುವುದೂ ಉಂಟು. ಜಾಝ್ ವಾಲ್ಟ್ಸ್ ಕಲಿತ ಕೈ ಒಂದರ ಮೇಲೆ ಒತ್ತು ಹಾಕಿ ಸ್ವಿಂಗ್ ಮಾಡುತ್ತದೆ, ಅಲ್ಲಿಗೆ ಮಜುರ್ಕಾ ಸತ್ತಂತೆ. ರೂಪಕ ತಾಳವನ್ನು ತಟ್ಟು-ತಟ್ಟು-ಹುಸಿ ಎಂದು ಮೂರೆಣಿಕೆಯಲ್ಲಿ ಹಾಕಿಕೊಂಡು, ಬಾಯಲ್ಲಿ ‘ತಕ ಧೀಂ ಧೀಂ’ ಹೇಳಿ. ನಾಲ್ಕು ಆವರ್ತ ಎರಡನೇ ಎಣಿಕೆಗೆ ಒತ್ತು ಕೊಡಿ, ನಾಲ್ಕು ಆವರ್ತ ಹುಸಿಗೆ ಕೊಡಿ. ಕೈ ಅಲುಗದೆ ಇದು ನಡೆದ ಮೇಲೆ ವಾದ್ಯ ಎತ್ತಿ. ಒಬೆರೆಕ್‌ಗೆ ಮೆಟ್ರೊನೋಮ್ ಬಾರ್‌ಗೆ ಒಂದೇ ಪೆಟ್ಟು ಇರಲಿ, ನಿಮಿಷಕ್ಕೆ 60 ಇಟ್ಟರೆ ಎಣಿಕೆ 180 ಆಗುತ್ತದೆ.

ಕೇಳಲು ನಮಿಸ್ವೋಫ್‌ಸ್ಕಿ ಅವರ ‘ಕುಯಾವಿಯಾಕ್ ಗೋಸ್ ಫಂಕಿ’ (1975) ಮೊದಲು. 2022ರಲ್ಲಿ ತೀರಿಕೊಂಡ ಅವರು ಈ ಕೆಲಸವನ್ನು ಬೇರೆಲ್ಲರಿಗಿಂತ ಗಟ್ಟಿಯಾಗಿ ಮಾಡಿದವರು ಎಂಬುದು ನನ್ನ ಅಭಿಪ್ರಾಯ. ದಕ್ಷಿಣದ ಪೊದ್ಹಾಲೆ ಬೆಟ್ಟಸೀಮೆಯ ಸಂಗೀತ ಬೇರೆಯೇ: ಎರಡೆಣಿಕೆಯ ನಡೆ, ಮುಂದಾಳು ಪಿಟೀಲು, ಅದಕ್ಕೆ ಜೊತೆ ಪಿಟೀಲುಗಳು, ಮೂರು ತಂತಿಯ ಸಣ್ಣ ಬಾಸ್. ಸ್ವರಗಳು ನಮ್ಮ ಕಲ್ಯಾಣಿಯಂತೆ ಪ್ರತಿ ಮಧ್ಯಮದವು, ಆದರೆ ಕಲ್ಯಾಣಿಯಂತೆ ಗಮಕ ಹಾಕಿದರೆ ಕೆಟ್ಟಿತು. ಅಲ್ಲಿ ಮಧ್ಯಮವನ್ನು ಅಲುಗಿಸದೆ ನೆಟ್ಟಗೆ ಹಿಡಿಯುತ್ತಾರೆ, ರಾಗ ಮೇಲಿನಿಂದ ಕೆಳಗಿಳಿಯುತ್ತದೆ. ನಮಿಸ್ವೋಫ್‌ಸ್ಕಿ ಕ್ವಾರ್ಟೆಟ್ ಜಾಕೊಪಾನೆಯ ಬೆಟ್ಟದ ವಾದ್ಯಗಾರರ ಜೊತೆ 1995ರಲ್ಲಿ ಮಾಡಿದ ಆಲ್ಬಮ್‌ನಲ್ಲಿ ಇದನ್ನು ಕಿವಿಯಾರೆ ಕೇಳಬಹುದು.

ಕರ್ನಾಟಕ ಸಂಗೀತದ ಕಿವಿ ಇರುವವರಿಗೆ ವಾತ್ಸ್ವಾವ್ ಜಿಂಪೆಲ್ ಅವರನ್ನು ಹೇಳದೆ ಬಿಡಲಾರೆ. ಕ್ಲಾರಿನೆಟ್ ನುಡಿಸುವ ಇವರ ‘ಸಾಗರ’ ತಂಡದಲ್ಲಿ ಗಿರಿಧರ ಉಡುಪ (ಘಟಂ), ಭಾರ್ಗವ ಹಾಲಂಬಿ (ಖಂಜಿರ), ಕೆ. ರಾಜ (ತವಿಲ್), ಮೈಸೂರು ಎನ್. ಕಾರ್ತಿಕ್ (ಪಿಟೀಲು) ಇದ್ದಾರೆ. ಆಲ್ಬಮ್‌ಗಳು 2015, 2017, 2024ರವು. ಮೊದಲನೆಯದರಿಂದಲೇ ಶುರು ಮಾಡಿ, ಕೊನೆಯದರಲ್ಲಿ ಎಲೆಕ್ಟ್ರಾನಿಕ್ ಶಬ್ದ ಸಾಕಷ್ಟು ಬೆರೆತಿದೆ. ಜಿಂಪೆಲ್ ಕ್ವಾರ್ಟೆಟ್‌ನ ‘ಸ್ಟೋನ್ ಫಾಗ್’ (2013) ಪೂರ್ತಿ ಅಕೌಸ್ಟಿಕ್, ನಿಮ್ಮ ಈಗಿನ ರುಚಿಗೆ ಅದು ಹತ್ತಿರ.

ಬಾಸ್‌ತಂತಿ

ಪಿಯಾನೊ ಇಲ್ಲದ್ದು ಬೇಕೆಂದರೆ ಕೂಬಾ ವಿಯೆಂತ್ಸೆಕ್ ಟ್ರಿಯೊ. ಆಲ್ಟೊ ಅವರದು, ಬಾಸ್ ಮಿಹಾವ್ ಬರಾನ್ಸ್ಕಿ, ಡ್ರಮ್ಸ್ ವೂಕಾಶ್ ಝಿತಾ. ‘ಅನದರ್ ರೈನ್‌ಡ್ರಾಪ್’ (2017) ಅದೇ ‘ಪೋಲಿಷ್ ಜಾಝ್’ ಮಾಲಿಕೆಯಲ್ಲಿ ಬಂತು, ‘ಮಲ್ಟಿಟಾಸ್ಕಿಂಗ್’ (2019) ಅದರ ಮುಂದಿನದು.

ಅದಕ್ಕೂ ಮುನ್ನ ಮಾಚೆಯ್ ಒಬಾರಾ ಕ್ವಾರ್ಟೆಟ್‌ನ ‘ಅನ್‌ಲವ್ಡ್’ (2017) ಕೇಳಿ, ಯಾಕೆಂದರೆ ಅದು ‘ಸಸ್ಪೆಂಡೆಡ್ ನೈಟ್’ಗೂ ಇದಕ್ಕೂ ನಡುವಿನ ಮೆಟ್ಟಿಲು. ಒಬಾರಾ (ಆಲ್ಟೊ) ಮತ್ತು ದೊಮಿನಿಕ್ ವಾನ್ಯಾ (ಪಿಯಾನೊ) ಪೋಲೆಂಡಿನವರು, ಬಾಸ್‌ನ ಊಲೆ ಮೊರ್ಟೆನ್ ವೋಗನ್, ಡ್ರಮ್ಸ್‌ನ ಗಾರ್ಡ್ ನಿಲ್ಸೆನ್ ನಾರ್ವೆಯವರು. ಹೆಸರಿನ ಕೃತಿ ಕೊಮೆಡಾ ಅವರದು. ಮಿಶ್ಕೆವಿಚ್ ಸಿಂಬಲ್‌ನಲ್ಲಿ ಹರಡಿದರೆ ನಿಲ್ಸೆನ್ ಚರ್ಮದ ಮೇಲೆ ಮಾತಾಡುತ್ತಾರೆ, ಹಾಗಾಗಿ ನಿಧಾನದ ಕೃತಿಯಲ್ಲೂ ಒಳಗೆ ಕುದಿತ ಇರುತ್ತದೆ. ‘ತ್ರೀ ಕ್ರೌನ್ಸ್’ನಲ್ಲಿ (2019) ಗುರೆತ್ಸ್ಕಿ ಅವರ ಶಾಸ್ತ್ರೀಯ ಕೃತಿಗಳನ್ನೂ ಇದೇ ನಾಲ್ವರು ನುಡಿಸಿದ್ದಾರೆ. ವಾನ್ಯಾ ಹಿಡಿಸಿದರೆ ಅವರೊಬ್ಬರದೇ ಪಿಯಾನೊ ಇರುವ ‘ಲೋನ್ಲಿ ಶ್ಯಾಡೋಸ್’ (2020).

ಬ್ವೋತೊ ತಂಡದ ‘ಎರೋಝಿಯೆ’ (2020) ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಏಳು ಜನರ ಇಎಬಿಎಸ್‌ನಿಂದ ಕವಲೊಡೆದ ನಾಲ್ವರು, ಒಳ್ಳೆಯ ಕೆಲಸವೇ. ಆದರೆ ಹಿಪ್-ಹಾಪ್ ಬೀಟ್, ಕೀಬೋರ್ಡ್, ಒರಟು ಶಬ್ದ. ಸ್ತಾಂಕೊ ಗುಂಗಿನಲ್ಲಿ ಕೇಳಿದರೆ ಅದಕ್ಕೂ ನ್ಯಾಯ ಸಿಗುವುದಿಲ್ಲ, ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ವಿಯೆಂತ್ಸೆಕ್ ಟ್ರಿಯೊ ಕೇಳುವಾಗ ನಿಮ್ಮ ಬಾಸ್ ವಾದಕರನ್ನೂ ಕೂರಿಸಿಕೊಳ್ಳಿ. ಪಿಯಾನೊ ಇಲ್ಲದ ಕಡೆ ಸ್ವರಮೇಳದ ಗುರುತು ಕೊಡುವ ಕೆಲಸ ಪೂರ್ತಿ ಬಾಸ್‌ದು. ಬರಾನ್ಸ್ಕಿ ಎಲ್ಲಿ ಮೂಲಸ್ವರ ಕೊಟ್ಟು ಭದ್ರ ಮಾಡುತ್ತಾರೆ, ಎಲ್ಲಿ ಕೊಡದೆ ಆಲ್ಟೊವನ್ನು ಬಯಲಿಗೆ ಬಿಡುತ್ತಾರೆ ಎಂದು ಒಂದು ಕೃತಿಗೆ ಬರೆದುಕೊಳ್ಳಲಿ. ಆಮೇಲೆ ‘ಸ್ಲೀಪ್ ಸೇಫ್ ಅಂಡ್ ವಾರ್ಮ್’ ಅನ್ನು ನೀವೂ ಒಂದು ಸುತ್ತು ಪಿಯಾನೊ ಬಿಟ್ಟು ನುಡಿಸಿ ನೋಡಿ.